ಕಂಪನಿ ಆಟದಿಂದ ತೆಗೆದುಹಾಕಿದ ವಾರ್‌ಹ್ಯಾಮರ್ ಸೈನ್ಯ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ ಬೇಡ್ವಾ?

ಗಿರಿನಗರದ_ಗೊಂಬೆ:

ಎಲ್ಲರಿಗೂ ನಮಸ್ಕಾರ. ನಾನು ಈ ಹವ್ಯಾಸಕ್ಕೆ ಬಂದು ಆರೇ ತಿಂಗಳು. ಭಾನುವಾರ ನಾಲ್ಕೈದು ಜನ ಸೇರಿ ಒಬ್ಬರ ಮನೆಯ ಊಟದ ಮೇಜಿನ ಮೇಲೆ ವಾರ್‌ಹ್ಯಾಮರ್ ಆಡುತ್ತೇವೆ, ಅಂದರೆ ಪುಟ್ಟ ಗೊಂಬೆಗಳ ಸೈನ್ಯ ನಿಲ್ಲಿಸಿ ದಾಳ ಹಾಕಿ ಆಡುವ ಯುದ್ಧದ ಆಟ. ಇಷ್ಟು ದಿನ ಬೇರೆಯವರ ಗೊಂಬೆ ಎರವಲು ತಗೊಂಡು ಆಡುತ್ತಿದ್ದೆ. ಈಗ ಸ್ವಂತದ್ದು ಬೇಕು ಅನ್ನಿಸಿದೆ.

ನಮ್ಮ ಗುಂಪಿನಲ್ಲೇ ಒಬ್ಬರು ಊರು ಬಿಡುತ್ತಿದ್ದಾರೆ. ಅವರ ಹತ್ತಿರ ಏಜ್ ಆಫ್ ಸಿಗ್ಮಾರ್ ಅನ್ನುವ ವಾರ್‌ಹ್ಯಾಮರ್ ಆಟದ ಸ್ಟಾರ್ಮ್‌ಕಾಸ್ಟ್ ಸೈನ್ಯದ ಗೊಂಬೆಗಳು ನಲವತ್ತು ಇವೆ, ಎಲ್ಲಾ ಚೆನ್ನಾಗಿ ಬಣ್ಣ ಬಳಿದದ್ದು, ಹೊಸದರ ಬೆಲೆಯ ಕಾಲು ಭಾಗಕ್ಕೆ ಕೊಡುತ್ತೇನೆ ಅಂದರು. ನಾನು ಹೂಂ ಅನ್ನುವಷ್ಟರಲ್ಲಿ ಇನ್ನೊಬ್ಬರು ಪಕ್ಕಕ್ಕೆ ಕರೆದು, ಅದು ಸ್ಟಾರ್ಮ್‌ಕಾಸ್ಟ್‌ನಲ್ಲೇ ಸ್ಯಾಕ್ರೋಸಾಂಕ್ಟ್ ಅನ್ನುವ ತುಕಡಿ ಕಣಯ್ಯ, ಕಂಪನಿಯವರು ಅದನ್ನು ಆಟದಿಂದ ತೆಗೆದುಹಾಕಿದ್ದಾರೆ, ಅಗ್ಗ ಯಾಕೆ ಅಂದುಕೊಂಡೆ ಅಂದರು.

ನನಗೆ ಇದೇ ಅರ್ಥವಾಗುತ್ತಿಲ್ಲ. ದುಡ್ಡು ಕೊಟ್ಟು ತಗೊಂಡ ಗೊಂಬೆ, ರಾತ್ರಿಯೆಲ್ಲ ಕೂತು ಬಣ್ಣ ಬಳಿದದ್ದು, ಅದನ್ನು ಕಂಪನಿ ತೆಗೆಯುವುದು ಅಂದರೆ ಏನು? ನಮ್ಮ ಮನೆಯಲ್ಲಿ ದಸರಾಗೆ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ಅಜ್ಜಿಯ ಮದುವೆಯಲ್ಲಿ ಬಂದದ್ದು. ಈ ವರ್ಷದಿಂದ ನಿಮ್ಮ ರಾಜ ರಾಣಿಗೆ ಮೆಟ್ಟಿಲ ಮೇಲೆ ಜಾಗ ಇಲ್ಲ ಅಂತ ಯಾರೂ ಕಾಗದ ಹಾಕಿಲ್ಲ.

ಇನ್ನೊಂದು. ಕಂಪನಿ ಹಿಂಗೆಲ್ಲ ಮಾಡಿದಾಗ ಆಡುವ ಜನಕ್ಕೆ ನಿಜವಾಗಿ ಏಟು ಬೀಳುತ್ತದಾ, ಅಥವಾ ಇಂಟರ್ನೆಟ್ಟಿನಲ್ಲಿ ಸುಮ್ನೆ ಗೊಣಗಾಟನಾ? ಹಳಬರು ಹೇಳಿ.

ನಾಟಿಂಗ್‌ಹ್ಯಾಮ್_ನಾಣಿ:

ತಗೊಳ್ಳಿ ಗುರು. ಆದರೆ ಪೂರ್ತಿ ಕೇಳಿಸಿಕೊಂಡು ತಗೊಳ್ಳಿ.

ವಾರ್‌ಹ್ಯಾಮರ್ ಕಂಪನಿ ಅಂದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್. ಅವರು ಗೊಂಬೆಯನ್ನೂ ಮಾಡುತ್ತಾರೆ, ನಿಯಮದ ಪುಸ್ತಕವನ್ನೂ ಬರೆಯುತ್ತಾರೆ. ಕಥೆ ಅವರದ್ದೇ, ಬಣ್ಣ ಅವರದ್ದೇ, ಅಂಗಡಿಯೂ ಅವರದ್ದೇ. ಪ್ರತಿ ಗೊಂಬೆಗೂ ಆಟದಲ್ಲಿ ಒಂದು ಚೀಟಿ ಇರುತ್ತದೆ. ಎಷ್ಟು ಇಂಚು ನಡೆಯುತ್ತದೆ, ಎಷ್ಟು ದಾಳ ಹಾಕಬೇಕು, ಎರಡೂ ಕಡೆ ಸೈನ್ಯ ಸಮ ಇರಲಿ ಅಂತ ಲೆಕ್ಕ ಹಾಕಲು ಎಷ್ಟು ಪಾಯಿಂಟು. ಹೊಸ ಆವೃತ್ತಿ ಬಂದಾಗ ಆ ಚೀಟಿಯನ್ನು ಹೊಸದಾಗಿ ಬರೆಯದೆ ಬಿಟ್ಟರೆ ನಿಮ್ಮ ಗೊಂಬೆ ಆಟದಿಂದ ಹೊರಗೆ. ಮನೆಗೆ ಬಂದು ಕಿತ್ತುಕೊಳ್ಳುವುದಿಲ್ಲ, ಟೂರ್ನಮೆಂಟಿನಲ್ಲಿ ಇಳಿಸುವ ಹಾಗಿಲ್ಲ ಅಷ್ಟೇ. ನಿಮಗೆ ಸಿಗುತ್ತಿರುವ ಸ್ಯಾಕ್ರೋಸಾಂಕ್ಟ್ ಬಂದಿದ್ದು 2018ರಲ್ಲಿ, ಎರಡನೇ ಆವೃತ್ತಿಯ ದೊಡ್ಡ ಪೆಟ್ಟಿಗೆಯಲ್ಲಿ. 2024ರ ಏಪ್ರಿಲ್‌ನಲ್ಲಿ ಕೈಬಿಡುವ ಪಟ್ಟಿ ಹೊರಬಿತ್ತು. ಅದರಲ್ಲಿ ಇದೂ ಇತ್ತು, ಬೀಸ್ಟ್ಸ್ ಆಫ್ ಕೇಯಾಸ್ ಅನ್ನುವ ಇಡೀ ಸೈನ್ಯವೇ ಇತ್ತು. 2025ರ ಬೇಸಿಗೆವರೆಗೆ ನಿಯಮ ಕೊಡುತ್ತೇವೆ, ಆಮೇಲಿಲ್ಲ ಅಂದರು. ಆರು ವರ್ಷದ ಗೊಂಬೆ. ನಾವು ಫ್ರಿಜ್ಜನ್ನೇ ಹದಿನೈದು ವರ್ಷ ಇಟ್ಟುಕೊಳ್ಳುವ ಜನ.

ಯಾಕೆ ಹೀಗೆ ಅಂದರೆ, ಪ್ಲಾಸ್ಟಿಕ್ ಗೊಂಬೆ ಸವೆಯುವುದಿಲ್ಲ. ಸೋಪು ಖಾಲಿಯಾಗುತ್ತದೆ, ಚಪ್ಪಲಿ ಹರಿಯುತ್ತದೆ, ಇದು ಕಪಾಟಿನಲ್ಲಿ ಹಂಗೇ ಇರುತ್ತದೆ. ಹಾಗಾಗಿ ಇದ್ದವನಿಗೇ ಮತ್ತೆ ಮಾರಬೇಕು ಅಂದರೆ ನಿಯಮ ಬದಲಾಗಬೇಕು. ವಾರ್‌ಹ್ಯಾಮರ್ 40,000 ಅನ್ನುವ ಇವರ ಇನ್ನೊಂದು ಆಟದ ಹೊಸ ಆವೃತ್ತಿ 2017, 2020, 2023 ಅಂತ ಮೂರು ವರ್ಷಕ್ಕೊಮ್ಮೆ ಬಂದಿದೆ. ಹಬ್ಬದ ಪಂಚಾಂಗದ ಹಾಗೆ.

ಈಗ ಎರಡನೇ ಪ್ರಶ್ನೆ. ಏಟು ಬೀಳುತ್ತದೆ. ನಾನು ಹತ್ತಿರದಿಂದ ನೋಡಿದ್ದು 2015ರದ್ದು. ವಾರ್‌ಹ್ಯಾಮರ್‌ನ ಹಳೇ ಆಟ 1983ರಿಂದ ಇತ್ತು. ಗೊಂಬೆಗಳನ್ನು ಚೌಕದ ತಳದ ಮೇಲೆ ಸಾಲಾಗಿ ನಿಲ್ಲಿಸಿ ಆಡುವುದು. ಕಥೆಯಲ್ಲಿ ಆ ಇಡೀ ಲೋಕವನ್ನೇ ಸ್ಫೋಟ ಮಾಡಿ ಮುಗಿಸಿಬಿಟ್ಟರು. ಅದರ ಜಾಗದಲ್ಲಿ ಬಂದಿದ್ದೇ ಏಜ್ ಆಫ್ ಸಿಗ್ಮಾರ್. ನಾಲ್ಕು ಪುಟದ ನಿಯಮ, ದುಂಡಗಿನ ತಳ, ಮತ್ತು ಪಾಯಿಂಟೇ ಇಲ್ಲ! ಯಾರು ಎಷ್ಟು ಗೊಂಬೆ ಬೇಕಾದರೂ ಇಡಬಹುದು. ಹಳೇ ಗೊಂಬೆಗಳಿಗೆ ಕೊಟ್ಟ ಚೀಟಿಗಳಲ್ಲಿ ತಮಾಷೆ ಬೇರೆ. ಒಬ್ಬ ಸೇನಾಪತಿಗೆ, ಆಡುವವರ ಮೀಸೆ ಎದುರಾಳಿಯ ಮೀಸೆಗಿಂತ ಜೋರಾಗಿದ್ದರೆ ತಪ್ಪಿದ ದಾಳ ಮತ್ತೆ ಹಾಕಬಹುದು ಅಂತ ಬರೆದಿದ್ದರು. ನಿಜವಾಗಿಯೂ. ಹದಿನೈದು ಇಪ್ಪತ್ತು ವರ್ಷ ಸೈನ್ಯ ಕಟ್ಟಿದವರಿಗೆ ಇದು ನಗು ತರಿಸಲಿಲ್ಲ. ಒಬ್ಬ ತನ್ನ ಇಡೀ ಸೈನ್ಯಕ್ಕೆ ಬೆಂಕಿ ಹಚ್ಚಿ ವಿಡಿಯೋ ಹಾಕಿದ. ಅದು ಅತಿಯಾಯಿತು ಬಿಡಿ. ನಾನು ಆಗ ಇದ್ದ ಊರಿನ ಕ್ಲಬ್ಬಿನಲ್ಲಿ ಗುರುವಾರ ಆರು ಮೇಜು ಹಾಕುತ್ತಿದ್ದರು, ಆ ವರ್ಷದ ಚಳಿಗಾಲಕ್ಕೆ ಎರಡಾಗಿತ್ತು. ಇಬ್ಬರು ಮ್ಯಾಂಟಿಕ್ ಕಂಪನಿಯ ಕಿಂಗ್ಸ್ ಆಫ್ ವಾರ್‌ಗೆ ಹೋದರು. ಕೆಲವರು ಅಭಿಮಾನಿಗಳೇ ಬರೆದ ನೈನ್ತ್ ಏಜ್ ಆಡತೊಡಗಿದರು. ಒಬ್ಬರು ಮೀನು ಹಿಡಿಯುವ ಹವ್ಯಾಸಕ್ಕೆ ಹೋದರು, ವಾಪಸ್ಸೇ ಬರಲಿಲ್ಲ.

ಆ ಕಾಲದಲ್ಲಿ ಕಂಪನಿಯ ವಾರ್ಷಿಕ ವರದಿಯಲ್ಲೇ, ನಾವು ಮಾರುಕಟ್ಟೆಗೆ ಏನು ಬೇಕು ಅಂತ ಕೇಳುವುದಿಲ್ಲ ಅನ್ನುವ ಅರ್ಥದ ಮಾತು ಇತ್ತು. ಹೆಮ್ಮೆಯಿಂದ! ಅಂಗಡಿಗಳಲ್ಲಿ ಒಬ್ಬನೇ ನೌಕರ, ಅವನು ಊಟಕ್ಕೆ ಹೋದರೆ ಬಾಗಿಲು ಬಂದ್, ಆಡುವ ಮೇಜುಗಳೂ ಕಡಿಮೆಯಾದವು. ಲೆಕ್ಕದಲ್ಲಿ ಖರ್ಚು ಉಳಿಯಿತು. ಆದರೆ ಶನಿವಾರ ಹತ್ತು ಹುಡುಗರು ಸೇರುತ್ತಿದ್ದ ಜಾಗ ಹೋಯಿತು.

ಪಾಯಿಂಟ್ ಇಲ್ಲದ ಆಟಕ್ಕೆ ಜನ ಒಂದು ವರ್ಷ ತಾವೇ ಪಾಯಿಂಟ್ ಬರೆದುಕೊಂಡು ಆಡಿದರು. 2016ರಲ್ಲಿ ಕಂಪನಿಯೇ ಬಗ್ಗಿ ಜನರಲ್ಸ್ ಹ್ಯಾಂಡ್‌ಬುಕ್ ಅನ್ನುವ ಪುಸ್ತಕದಲ್ಲಿ ಪಾಯಿಂಟ್ ಕೊಟ್ಟಿತು. ಅಷ್ಟರಲ್ಲಿ ಕೆವಿನ್ ರೌಂಟ್ರೀ ಮುಖ್ಯಸ್ಥರಾಗಿ ಬಂದಿದ್ದರು, 2015ರ ಜನವರಿಯಿಂದ. ಜನರ ಜೊತೆ ಮಾತಾಡಲು ಶುರು ಮಾಡಿದರು, ಸತ್ತುಹೋಗಿದ್ದ ಬ್ಲಡ್ ಬೌಲ್, ನೆಕ್ರೋಮುಂಡಾ ಅನ್ನುವ ಹಳೇ ಆಟಗಳನ್ನು ವಾಪಸ್ ತಂದರು. ಇದನ್ನೂ ಹೇಳದಿದ್ದರೆ ಅನ್ಯಾಯ.

ನಿಮ್ಮ ಸೈನ್ಯಕ್ಕೆ ನನ್ನ ಸಲಹೆ: ಭಾನುವಾರದ ಐದು ಜನ ಒಪ್ಪಿದರೆ ಮುಗಿಯಿತು. ಹಳೇ ಚೀಟಿಯಲ್ಲೇ ಆಡಿ. ಚೌಕಾಬಾರಕ್ಕೆ ಮನೆಗೊಂದು ನಿಯಮ ಇಲ್ಲವೇ? ಜಗಳ ಆಗುತ್ತದೆ, ಆಟ ನಡೆಯುತ್ತದೆ.

ಶೇರುಪೇಟೆ_ಶೆಟ್ಟಿ:

ನಾಣಿ ಸರ್ ಬರೆದದ್ದು ಸರಿ, ಆದರೆ ಎಲ್ಲರೂ ಕಂಪನಿಯನ್ನು ಬೈಯುವುದು ನೋಡಿ ನನಗೆ ನಗು. 2016ರ ಆರಂಭದಲ್ಲಿ ಇವರ ಶೇರು ಐದಾರು ಪೌಂಡ್ ಇತ್ತು. ಈಗ ನೂರು ದಾಟಿ ಎಷ್ಟೋ ಆಗಿದೆ. 2024ರ ಡಿಸೆಂಬರ್‌ನಲ್ಲಿ ಲಂಡನ್ ಶೇರುಪೇಟೆಯ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿದರು, ಬ್ಯಾಂಕು, ತೈಲ ಕಂಪನಿಗಳ ಪಕ್ಕದಲ್ಲಿ ಗೊಂಬೆ ಕಂಪನಿ! ಗೊಂಬೆಯನ್ನು ಇವತ್ತಿಗೂ ನಾಟಿಂಗ್‌ಹ್ಯಾಮ್‌ನಲ್ಲೇ ಮಾಡುತ್ತಾರೆ. ಲಾಭದ ಪಾಲನ್ನು ಎಲ್ಲ ನೌಕರರಿಗೂ ಸಮನಾಗಿ ಹಂಚುತ್ತಾರೆ. ಉಕ್ಕಿನ ಅಚ್ಚು ಮಾಡುವುದು ದುಬಾರಿ ಕೆಲಸ, ಮಾರಾಟವಾಗದ ಅಚ್ಚನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಜನ ಗೊಣಗುತ್ತಾರೆ, ಆಮೇಲೆ ಅವರೇ ಕ್ಯೂ ನಿಲ್ಲುತ್ತಾರೆ. 2020ರಲ್ಲಿ 40,000 ಆಟದ ಹೊಸ ಆವೃತ್ತಿಯ ಇಂಡೊಮಿಟಸ್ ಪೆಟ್ಟಿಗೆ ನಿಮಿಷಗಳಲ್ಲಿ ಖಾಲಿಯಾಗಲಿಲ್ಲವೇ?

ಬೆಲೆ ಜಾಸ್ತಿ ಅನ್ನುವವರು ಗಾಲ್ಫ್ ಆಡಿ ನೋಡಲಿ.

ನಾಟಿಂಗ್‌ಹ್ಯಾಮ್_ನಾಣಿ:

ಶೆಟ್ರೇ, ಖಾಲಿಯಾಗಿದ್ದು ನಿಜ. ಬಂದವರಲ್ಲಿ ಎರಡು ಪಟ್ಟು ಬೆಲೆಗೆ ಮರುಮಾರಾಟ ಮಾಡುವವರು ಎಷ್ಟಿದ್ದರು ಅಂತಲೂ ನೋಡಬೇಕಲ್ವಾ. ಸಿಗದವರ ಗಲಾಟೆಗೆ ಆರ್ಡರ್ ತಗೊಂಡು ಮತ್ತೆ ಮಾಡಿಕೊಟ್ಟರು, ಅದು ಒಳ್ಳೇ ಕೆಲಸ. ಮರುವರ್ಷ ಕರ್ಸ್ಡ್ ಸಿಟಿ ಅನ್ನುವ ಆಟದ ಪೆಟ್ಟಿಗೆ ಬಂದ ಹಾಗೇ ಮಾಯವಾದಾಗ ಮಾತ್ರ ಸರಿಯಾದ ಉತ್ತರವೇ ಇರಲಿಲ್ಲ.

ಮತ್ತೆ 2021ರ ಜುಲೈ ಮರೆತಿರಾ? ಅಭಿಮಾನಿಗಳು ಅನಿಮೇಶನ್ ಮಾಡುವ ಹಾಗಿಲ್ಲ ಅಂತ ನಿಯಮ ಬಿಗಿ ಮಾಡಿದರು. ಮುಂದಿನ ತಿಂಗಳು ತಮ್ಮದೇ ಚಂದಾ ಚಾನೆಲ್ಲು, ವಾರ್‌ಹ್ಯಾಮರ್ ಪ್ಲಸ್, ಶುರು. ಅಭಿಮಾನಿ ಕಲಾವಿದರಲ್ಲಿ ಒಂದಿಬ್ಬರನ್ನು ಕೆಲಸಕ್ಕೆ ತಗೊಂಡರು, ಸಂತೋಷ. ಆದರೆ ವರ್ಷಗಟ್ಟಲೆ ಬಿಟ್ಟಿಯಾಗಿ ನಗಿಸಿ ಹೊಸಬರನ್ನು ಈ ಆಟಕ್ಕೆ ಎಳೆದು ತಂದವರು ಅರ್ಧಕ್ಕೇ ನಿಲ್ಲಿಸಿದರು. ಕಾನೂನು ಪ್ರಕಾರ ಹಕ್ಕು ಕಂಪನಿಯದ್ದೇ. ನಾನು ಹೇಳುತ್ತಿರುವುದು ಮನಸ್ಸಿನ ಮಾತು. ಮನೆ ಮುಂದೆ ಹಬ್ಬಕ್ಕೆ ರಂಗೋಲಿ ಹಾಕಿದವರಿಗೆ ಬಾಡಿಗೆ ಕೇಳಿದ ಹಾಗೆ.

ಮೆಲ್ಬೋರ್ನ್_ಮಂಜು:

ಇಲ್ಲಿನ ಕಥೆಯೂ ಸೇರಿಸುತ್ತೇನೆ. 2011. ಆಗ ಆಸ್ಟ್ರೇಲಿಯಾದ ಡಾಲರ್ ಅಮೆರಿಕದ ಡಾಲರಿಗಿಂತ ಗಟ್ಟಿಯಾಗಿತ್ತು. ಆದರೆ ಗೊಂಬೆಯ ಬೆಲೆ ಇಲ್ಲಿನ ಅಂಗಡಿಯಲ್ಲಿ ಹಳೇ ಲೆಕ್ಕದಲ್ಲೇ, ಅಂದರೆ ಬ್ರಿಟನ್ನಿಗಿಂತ ಸಿಕ್ಕಾಪಟ್ಟೆ ಜಾಸ್ತಿ. ಎಲ್ಲರೂ ಬ್ರಿಟನ್ನಿನ ಅಂಗಡಿಗಳಿಂದ ತರಿಸಿಕೊಳ್ಳುತ್ತಿದ್ದರು. ಆ ವರ್ಷ ಕಂಪನಿ ಯುರೋಪಿನ ವ್ಯಾಪಾರಿಗಳಿಗೆ, ಯುರೋಪಿನ ಹೊರಗೆ ಕಳಿಸಬಾರದು ಅಂತ ಷರತ್ತು ಹಾಕಿತು. ಅದೇ ಹೊತ್ತಿಗೆ ಸೀಸದ ಬಣ್ಣದ ಲೋಹದ ಗೊಂಬೆ ನಿಲ್ಲಿಸಿ ಫೈನ್‌ಕಾಸ್ಟ್ ಅನ್ನುವ ರಾಳದ ಗೊಂಬೆ ತಂದರು. ಅದರಲ್ಲಿ ಗಾಳಿಗುಳ್ಳೆ ಅನ್ನುವ ದೂರು ಎಲ್ಲಾ ದೇಶದಿಂದಲೂ ಬಂತು. ಎರಡೂ ಒಟ್ಟಿಗೆ!

ಪರಿಣಾಮ ನೋಡಿದ್ದು ಹೀಗೆ. ಕ್ಲಬ್ಬಿನಲ್ಲಿ ದುಡ್ಡಿದ್ದ ನಲವತ್ತು ದಾಟಿದವರು ಉಳಿದರು. ಹದಿನೈದು ಹದಿನಾರರ ಹುಡುಗರು ಬೇರೆ ಬೇರೆ ಸಣ್ಣ ಕಂಪನಿಗಳ ಆಟಕ್ಕೆ ಹೋದರು, ಹತ್ತು ಗೊಂಬೆ ಇದ್ದರೆ ಸಾಕು ಅನ್ನುವಂಥದ್ದು. ಊರಿಗೆ ಹೋಗಿ ಬರುವವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬದಲು ಗೊಂಬೆ ಪೆಟ್ಟಿಗೆ ಬರತೊಡಗಿತು. ನನ್ನ ಷಡ್ಡಕರು ಲಂಡನ್ನಿನಿಂದ ಮೂರು ಪೆಟ್ಟಿಗೆ ತಂದುಕೊಟ್ಟರು. ಆಮೇಲೆ ಎರಡು ವರ್ಷ ಮನೆಯಲ್ಲಿ ಎಲ್ಲರ ಎದುರಿಗೂ ಅದನ್ನೇ ಹೇಳಿ ನಗಾಡಿದರು, ಮಂಜುಗೆ ಆಟದ ಸಾಮಾನು ತಂದೆ ಅಂತ.

ತಮಾಷೆ ಅಂದರೆ, 2015ರ ಆಮೇಲೆ ಎಷ್ಟೋ ಜನ ಚೌಕದ ತಳ ಕತ್ತರಿಸಿ ದುಂಡಗಿನ ತಳ ಅಂಟಿಸಿಕೊಂಡರು. ನೂರು, ಇನ್ನೂರು ಗೊಂಬೆ. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಅಂತ ಹಳೇ ಆಟವನ್ನೇ ವಾಪಸ್ ತಂದರು. ಮತ್ತೆ ಚೌಕ! 2016ರಲ್ಲಿ ಅಂಗಡಿಯಿಂದ ತೆಗೆದಿದ್ದ ಬ್ರೆಟೋನಿಯಾ, ಟೂಂಬ್ ಕಿಂಗ್ಸ್ ಅನ್ನುವ ಎರಡು ಸೈನ್ಯಗಳನ್ನೇ ಮೊದಲು ಮಾರಿದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಮಾರಿಬಿಟ್ಟವರ ಮುಖ ನೋಡಬೇಕಿತ್ತು.

ಹಾಗಾಗಿ ಗಿರಿನಗರದವರೇ, ಯಾವುದನ್ನೂ ಸತ್ತಿತು ಅನ್ನಬೇಡಿ. ಬಿಸಾಡಲೂ ಬೇಡಿ.

ಬಣ್ಣದ_ಡಬ್ಬಿ:

ನಾನು ಮೈಸೂರು. ಆಟ ಆಡುವುದೇ ಇಲ್ಲ, ಬಣ್ಣ ಮಾತ್ರ. ಅದಕ್ಕೆ ಈ ನಿಯಮದ ಗಲಾಟೆಯೆಲ್ಲ ನನಗೆ ಪಕ್ಕದ ಮನೆಯ ಜಗಳ. ಕೇಳಿಸುತ್ತೆ, ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೆ ಒಂದು ವಿಷಯ ನನಗೂ ತಾಗುತ್ತದೆ. 1980ರ ದಶಕದಲ್ಲಿ ಇದೇ ಕಂಪನಿ ತನ್ನ ಓದುಗರಿಗೆ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ಆಟಕ್ಕೆ ಗಾಳಿಯಲ್ಲಿ ತೇಲುವ ಯುದ್ಧದ ಟ್ಯಾಂಕ್ ಮಾಡುವುದು ಹೇಗೆ ಅಂತ ತೋರಿಸಿಕೊಟ್ಟಿತ್ತು. ಅಂದರೆ ಕತ್ತರಿಸು, ಅಂಟಿಸು, ನಿನ್ನದೇ ಮಾಡು. ಆಮೇಲೆ 2010ರ ಡಿಸೆಂಬರ್‌ನಲ್ಲಿ ಚಾಪ್ಟರ್‌ಹೌಸ್ ಅನ್ನುವ ಪುಟ್ಟ ಕಂಪನಿಯ ಮೇಲೆ ಅಮೆರಿಕದಲ್ಲಿ ಕೇಸು ಹಾಕಿದರು. ಅವರು ವಾರ್‌ಹ್ಯಾಮರ್ ಗೊಂಬೆಗೆ ಹೊಂದುವ ಭುಜದ ಕವಚ, ತಲೆ, ಅಂಥ ಬಿಡಿ ಭಾಗ ಮಾರುತ್ತಿದ್ದರು. 2013ರಲ್ಲಿ ಜ್ಯೂರಿ ತೀರ್ಪು ಬಂತು, ಕೆಲವು ವಿಷಯದಲ್ಲಿ ಗೇಮ್ಸ್ ವರ್ಕ್‌ಶಾಪ್‌ಗೆ ಗೆಲುವು, ಕೆಲವದರಲ್ಲಿ ಚಾಪ್ಟರ್‌ಹೌಸ್‌ಗೆ. ಪರಿಹಾರ 25,000 ಡಾಲರ್, ವಕೀಲರ ಕಾಫಿಗೆ ಸಾಲುವಷ್ಟು. ಅದಾದ ಮೇಲೆ ಪುಸ್ತಕಗಳು ಬದಲಾದವು. ಪೆಟ್ಟಿಗೆಯಲ್ಲಿ ಇಲ್ಲದ ಗೊಂಬೆಗೆ ನಿಯಮವೇ ಇಲ್ಲ. ಮೊದಲು ಪುಸ್ತಕದಲ್ಲಿ ಒಬ್ಬ ಕುದುರೆ ಸವಾರನ ಬಗ್ಗೆ ನಾಲ್ಕು ಸಾಲು ಇದ್ದು, ಗೊಂಬೆ ಮಾರುಕಟ್ಟೆಯಲ್ಲಿ ಇಲ್ಲ ಅಂದರೆ ಜನ ತಾವೇ ಮಾಡಿಕೊಳ್ಳುತ್ತಿದ್ದರು. ಆ ಖಾಲಿ ಜಾಗ ಮುಚ್ಚಿತು. ಸೈನ್ಯಗಳ ಹೆಸರುಗಳೂ ಬದಲಾದವು. ಇಂಪೀರಿಯಲ್ ಗಾರ್ಡ್ ಹೋಗಿ ಆಸ್ಟ್ರಾ ಮಿಲಿಟಾರಮ್, ಎಲ್ಡಾರ್ ಹೋಗಿ ಏಲ್ಡಾರಿ, ಬೇರೆ ಯಾರೂ ಬಳಸಲಾಗದ ಹೆಸರು. ಕೇಸಿಗೂ ಇದಕ್ಕೂ ನಂಟಿದೆ ಅಂತಲೇ ಹಳಬರೆಲ್ಲ ಹೇಳುವುದು.

ಹೀಗಿದ್ದರೂ ಅವರ ಪ್ಲಾಸ್ಟಿಕ್ ಮಾತ್ರ ಚಿನ್ನ, ಅದನ್ನು ಅಲ್ಲಗಳೆಯಲ್ಲ. ಹೋದ ವಾರ ಒಂದು ಮುಖ ಮಾಡುತ್ತಿದ್ದೆ. ಕಡಲೆಬೇಳೆಗಿಂತ ಚಿಕ್ಕದು. ಕಣ್ಣಿನ ರೆಪ್ಪೆಯ ಕೆಳಗೆ ಒಂದು ಮಡಿಕೆ ಇದೆ, ಅದರಲ್ಲಿ ತೆಳು ಕಂದು ಬಣ್ಣ ಬಿಟ್ಟರೆ ತಾನಾಗೇ ಹರಿದು ಕೂರುತ್ತದೆ, ನೋಡನೋಡುತ್ತಾ ಮುಖಕ್ಕೆ ವಯಸ್ಸಾಗುತ್ತದೆ. ಅರ್ಧ ಗಂಟೆ ಉಸಿರು ಬಿಗಿ ಹಿಡಿದು ಕೂತಿದ್ದೆ. ಮಗಳು ಬಂದು ಅಮ್ಮಾ ಹಾಲು ಉಕ್ಕಿತು ಅಂದಳು.

ನಿಮಗೆ ಕೊಡುತ್ತಿರುವವರು ಚೆನ್ನಾಗಿ ಬಣ್ಣ ಬಳಿದಿದ್ದಾರೆ ಅಂದಿರಿ. ನಲವತ್ತು ಗೊಂಬೆ ಅಂದರೆ ಗೊಂಬೆಗೆ ನಾಲ್ಕು ಗಂಟೆ ಅಂತಿಟ್ಟರೂ ನೂರಾ ಅರವತ್ತು ಗಂಟೆ. ಅದಕ್ಕೆ ಬೆಲೆ ಕಟ್ಟಿ, ಚೀಟಿಗಲ್ಲ.

ಗಿರಿನಗರದ_ಗೊಂಬೆ:

ಇಷ್ಟೆಲ್ಲ ಬರೆದಿರಿ, ತುಂಬಾ ಥ್ಯಾಂಕ್ಸ್. ಮಂಜು ಸರ್ ಷಡ್ಡಕರ ಕಥೆ ಓದಿ ನಮ್ಮನೆಯವರೂ ನಕ್ಕರು. ಒಂದು ಅನುಮಾನ ಇನ್ನೂ ಉಳಿದಿದೆ. ಗುಂಪಿನಲ್ಲಿ ಒಬ್ಬ, ಯಾಕಪ್ಪಾ ದುಡ್ಡು ಹಾಕ್ತೀಯ, ಎಲ್ಲಾ 3ಡಿ ಪ್ರಿಂಟರಿನಲ್ಲಿ ಪ್ರಿಂಟ್ ಮಾಡಿಕೊಡ್ತೀನಿ ಅನ್ನುತ್ತಿದ್ದಾನೆ. ಕಂಪನಿ ಇಷ್ಟು ಆಟ ಆಡಿಸುವುದಾದರೆ ಅದೇ ಸರಿ ಅಲ್ವಾ?

ಪೀಣ್ಯ_ಪ್ರಿಂಟರ್:

ನನ್ನ ಹತ್ತಿರ ರೆಸಿನ್ ಪ್ರಿಂಟರ್ ಇದೆ, ಹಾಗಾಗಿ ಹೇಳುತ್ತೇನೆ. ಅಗ್ಗ ಅನ್ನುವುದು ಅರ್ಧ ನಿಜ. ಕೈಗವಸು, ಮಾಸ್ಕು, ತೊಳೆಯಲು ಐಸೊಪ್ರೊಪೈಲ್, ಗಟ್ಟಿಯಾಗಲು ಯುವಿ ದೀಪ. ವಾಸನೆಗೆ ಮನೆಯವರು ಬಾಲ್ಕನಿಗೆ ಅಟ್ಟಿದ್ದಾರೆ, ಪ್ರಿಂಟರನ್ನೂ, ನನ್ನನ್ನೂ. ಹತ್ತು ತೆಗೆದರೆ ಎರಡರ ಕತ್ತಿ ಸೊಟ್ಟ. ಬೀಳಿಸಿದರೆ ಪಟ್ ಅಂತ ಮುರಿಯುತ್ತದೆ, ಆ ಪ್ಲಾಸ್ಟಿಕ್ ಹಾಗಲ್ಲ.

ಸ್ವತಂತ್ರ ಕಲಾವಿದರು ತಾವೇ ರೂಪಿಸಿ ಮಾರುವ ಫೈಲ್ ತಗೊಂಡು ಪ್ರಿಂಟ್ ಮಾಡಿದರೆ ಯಾರ ಹಂಗೂ ಇಲ್ಲ, ನಾನು ಅದನ್ನೇ ಮಾಡುವುದು. ಕಂಪನಿಯ ಗೊಂಬೆಯನ್ನೇ ಸ್ಕ್ಯಾನ್ ಮಾಡಿದ ಫೈಲು ಮಾತ್ರ ಬೇಡ. ಅದು ಕದ್ದ ಮಾಲು, ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ. ಮತ್ತೆ ಕಂಪನಿಯ ಅಧಿಕೃತ ಟೂರ್ನಮೆಂಟಿಗೆ ಅವರ ಗೊಂಬೆಯೇ ಬೇಕು. ನಮಗೇನು, ಊಟದ ಮೇಜಿಗೆ ಯಾವ ಅಧಿಕೃತ?

ಆದರೆ ಇನ್ನೊಂದು ಯೋಚಿಸಿ. ನಮ್ಮ ಊರಲ್ಲಿ ಗೊಂಬೆ ತರಿಸಿ ಮಾರುವವರು ಬೆರಳೆಣಿಕೆ. ಅವರು ಮಾರುವುದರಿಂದಲೇ ಮೇಜು ಹಾಕಿ, ಬನ್ನಿ ಆಡಿ ಅನ್ನುತ್ತಾರೆ. ಎಲ್ಲರೂ ಪ್ರಿಂಟ್ ಮಾಡಿದರೆ ಆ ಮೇಜು ಹೋಗುತ್ತದೆ. ನಾಟಿಂಗ್‌ಹ್ಯಾಮ್‌ನವರಿಗೆ ಏನೂ ಆಗಲ್ಲ, ಏಟು ಬೀಳುವುದು ಪಕ್ಕದ ರಸ್ತೆಯ ಅಂಗಡಿಗೆ. ನಾನು ಬಣ್ಣ, ಬ್ರಷ್, ದಾಳ ಎಲ್ಲಾ ಅಲ್ಲೇ ತಗೊಳ್ಳುತ್ತೇನೆ, ಇಪ್ಪತ್ತು ರೂಪಾಯಿ ಜಾಸ್ತಿಯಾದರೂ.

ಚೀಟಿ ಇಲ್ಲದ ಸೈನ್ಯಕ್ಕೆ ಇನ್ನೊಂದು ದಾರಿ: ಒನ್ ಪೇಜ್ ರೂಲ್ಸ್ ಅಂತ ಇದೆ. ಮೂಲ ನಿಯಮ ಬಿಟ್ಟಿ, ಯಾವ ಕಂಪನಿಯ ಗೊಂಬೆಯನ್ನಾದರೂ ಇಳಿಸಬಹುದು. ಒಂದು ಸಂಜೆಯಲ್ಲಿ ಕಲಿಯಬಹುದು.

ಶೇರುಪೇಟೆ_ಶೆಟ್ಟಿ:

ಪೀಣ್ಯದವರು ಹೇಳಿದ್ದಕ್ಕೆ ನನ್ನದೂ ಒಂದು ಹೂಂ. ನಾಣಿ ಸರ್, ರಂಗೋಲಿ ಮಾತು ಒಪ್ಪಿದೆ. ಶೇರು ಮಾತ್ರ ಮಾರಲ್ಲ.

ಗಿರಿನಗರದ_ಗೊಂಬೆ:

ತಗೊಂಡೆ! ನಿನ್ನೆ ಸಂಜೆ ಹೋಗಿ ತಂದೆ. ಬಿಸ್ಕೆಟ್ ಡಬ್ಬಿಯಲ್ಲಿ ಹತ್ತಿ ಹಾಸಿ ಕೊಟ್ಟರು. ಕೊಡುವಾಗ ಒಂದೊಂದನ್ನೂ ಎತ್ತಿ ನೋಡುತ್ತಿದ್ದರು, ಇದಕ್ಕೆ ನೀಲಿ ಮೂರು ಸಲ ಬಳಿದೆ, ಇದು ಪರೀಕ್ಷೆ ದಿನ ಮಾಡಿದ್ದು ಅಂತ. ನನಗೇ ಬೇಜಾರಾಯಿತು, ಒಂದನ್ನು ನೀವೇ ಇಟ್ಟುಕೊಳ್ಳಿ ಅಂದೆ, ಇಟ್ಟುಕೊಂಡರು. ಹಾಗಾಗಿ ಮೂವತ್ತೊಂಬತ್ತು. ಆಟೋ ಕುಲುಕಿಗೆ ಎರಡರ ಕೈ ಕಳಚಿದೆ. ಫೆವಿಕ್ವಿಕ್ ಹಾಕಲಾ?

ಬಣ್ಣದ_ಡಬ್ಬಿ:

ಬೇಡ ಬೇಡ, ತಡೀರಿ. ಪ್ಲಾಸ್ಟಿಕ್ ಸಿಮೆಂಟ್ ಅಂತ ಕೇಳಿ ತಗೊಳ್ಳಿ, ಅದು ಎರಡೂ ಕಡೆಯ ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತದೆ. ಕೂಡುವ ಜಾಗದಲ್ಲಿ ಬಣ್ಣ ಇದ್ದರೆ ಬ್ಲೇಡಿನ ತುದಿಯಲ್ಲಿ ಕೆರೆದು ತೆಗೆಯಿರಿ, ಬಣ್ಣದ ಮೇಲೆ ಹಿಡಿಯಲ್ಲ. ಒಂದೇ ಹನಿ. ಆಮೇಲೆ ಗೆರೆ ಕಾಣುವ ಕಡೆ ಮುಟ್ಟಿಸಲು ಯಾವ ನೀಲಿ ಅಂತ ಅವರು ಊರು ಬಿಡುವ ಮುಂಚೆ ಕೇಳಿಟ್ಟುಕೊಳ್ಳಿ.